ಕರಿ ಚೆಂಡು ಮತ್ತು ದೊಡ್ಡ ವಕೀಲರ ಕಾಲು

ನಿಜಾಮರ ಕಾಲದ ಮಾತು. ಲಿಂಗಸುಗೂರಿನ ಕ್ಲಬ್ಬಿನಲ್ಲಿ ಒಂದು ಸ್ನೂಕರ್ ಟೇಬಲ್ ಇತ್ತು, ದಂಡಿನ ಗೋರಾ ಸಾಹೇಬರು ಬಿಟ್ಟುಹೋದದ್ದು. ಅದನ್ನಿಟ್ಟ ಕೋಣೆ ಎಷ್ಟು ಇಕ್ಕಟ್ಟೆಂದರೆ, ಕುರ್ಚಿಯಲ್ಲಿ ಕೂತವರ ಮೊಣಕಾಲು ಆಡುವವರ ಬೆನ್ನಿಗೇ ಬರುತ್ತಿತ್ತು. ಮಸ್ಕಿಯಿಂದ ವಕೀಲಿ ಮಾಡಲು ಬಂದ ನನಗೆ ಕಾನೂನು, ಸ್ನೂಕರ್ ಎರಡನ್ನೂ ಕಲಿಸಿದವರು ಅಲ್ಲಿಯ ದೊಡ್ಡ ವಕೀಲರು. ನನ್ನ ತಲೆಗೆ ಹತ್ತಿದ್ದು ಸ್ನೂಕರ್ ಮಾತ್ರ ಎಂದು ಅವರೇ ಕೋರ್ಟಿನ ತುಂಬ ಹೇಳಿಕೊಂಡು ತಿರುಗುತ್ತಿದ್ದರು.

ವರ್ಷಕ್ಕೊಮ್ಮೆ ಕ್ಲಬ್ಬಿನ ಪಂದ್ಯ. ಗೆದ್ದವನಿಗೆ ಹೈದರಾಬಾದಿನ ದೊಡ್ಡ ಪಂದ್ಯ! ಅಲ್ಲಿ ಆಟವನ್ನೇ ಕಸುಬು ಮಾಡಿಕೊಂಡವರು ಆಡುತ್ತಾರಂತೆ. ಒಮ್ಮೆಯಾದರೂ ಅವರೆದುರು ಆಡಬೇಕೆಂದು ನನಗೆ ಹುಚ್ಚು. ಆದರೆ ಪ್ರತಿ ಸಲ ಗೆದ್ದು ಹೋಗುತ್ತಿದ್ದವರು ದೊಡ್ಡ ವಕೀಲರೇ.

ಆ ವರ್ಷ ಫೈನಲ್ಲಿಗೆ ಉಳಿದವರು ಅವರು ಮತ್ತು ನಾನು. ಶುಕ್ರವಾರ, ನಿಜಾಮರ ಕಚೇರಿಗಳಿಗೆ ವಾರದ ರಜೆ. ಜನ ಕಿಟಕಿಗೂ ಜೋತುಬಿದ್ದಿದ್ದರು. ತೀರ್ಪು ಹೇಳುವ ಪಂಚರು ಕೋರ್ಟಿನ ಮುನಸೀಫ್ ಸಾಹೇಬರು. ಕೊನೆಗೆ ಟೇಬಲ್ ಮೇಲೆ ಕರಿ ಚೆಂಡೊಂದೇ ಉಳಿಯಿತು. ಅದನ್ನು ಚೀಲಕ್ಕೆ ಹಾಕಿದವನದೇ ಪಂದ್ಯ! ದೊಡ್ಡ ವಕೀಲರ ಹೊಡೆತ ತಪ್ಪಿ ಅದು ಮೂಲೆಯ ಚೀಲದ ಬಾಯಲ್ಲೇ ನಿಂತಿತು. ಈಗ ನನ್ನ ಸರದಿ. ಕೋಲಿನಿಂದ ಹೊಡೆಯಬೇಕಾದ ಬಿಳಿ ಚೆಂಡು ದೂರವಿತ್ತು. ಒಂದು ಕಾಲು ಹಿಂದಕ್ಕೆತ್ತಿ, ಟೇಬಲ್ ಮೇಲೆ ಪೂರಾ ಬಾಗಿದೆ. ಹಿಂದೆ ಕೂತಿದ್ದ ದೊಡ್ಡ ವಕೀಲರಿಗೆ ನನ್ನ ಕಾಲು ತಾಗಿತು.

ಹಿರಿಯರಿಗೆ ಕಾಲು ತಾಗಿದಾಗ ಯೋಚಿಸುತ್ತ ನಿಲ್ಲುವವರು ಯಾರು? ಸರಕ್ಕನೆ ತಿರುಗಿ ಬಗ್ಗಿ ಅವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅವರೂ ರೂಢಿಯಂತೆ ಕೈಯೆತ್ತಿ, “ಚೊಲೋ ಆಗ್ಲಿ” ಅಂದರು. ಅಷ್ಟರಲ್ಲಿ ಹಿಂದೆ ಟಕ್ ಎಂದಿತು. ನನ್ನ ಇನ್ನೊಂದು ಕೈಯಲ್ಲಿದ್ದ ಕೋಲು ಬಿಳಿ ಚೆಂಡಿಗೆ ಬಡಿದಿತ್ತು.

“ಫೌಲ್!” ಎಂದರು ಮುನಸೀಫರು. “ಕರಿ ಚೆಂಡೊಂದ ಉಳಿದಾಗ ಫೌಲ್ ಆದ್ರ ಆಟ ಖತಂ. ದೊಡ್ಡ ವಕೀಲರು ಗೆದ್ದಾರ.”

“ಹಿರಿಯರ ಕಾಲು ಮುಟ್ಟೋದೂ ತಪ್ಪೇನ್ರೀ?” ನಾನು ಕೂಗಾಡಿದೆ.

“ಕಾಲು ಮುಟ್ಟಿದ್ದು ಚೊಲೋನ ಆತು. ಚೆಂಡು ಮುಟ್ಟಿದ್ದು ತಪ್ಪು.”

ದೊಡ್ಡ ವಕೀಲರು ಹೈದರಾಬಾದಿಗೆ ಹೋದರು. ನನಗೆ ಹೊಟ್ಟೆ ಉರಿದುಹೋಯಿತು. ವಾರಗಟ್ಟಲೆ ಅವರಿಗೆ ಮುಖ ಕೊಟ್ಟು ಮಾತಾಡಲಿಲ್ಲ.

ಮರುವರ್ಷವೂ ಫೈನಲ್ಲಿಗೆ ನಾವಿಬ್ಬರೇ. ಕೊನೆಗೆ ಮತ್ತೆ ಕರಿ ಚೆಂಡು, ಮತ್ತೆ ನನ್ನದೇ ಸರದಿ! ಟೇಬಲ್ ಮೇಲೆ ಬಾಗುವ ಮುನ್ನ ಒಮ್ಮೆ ಹಿಂದೆ ನೋಡಿದೆ. ನಾನು ಗೆದ್ದರೆ ಹೈದರಾಬಾದು ತಪ್ಪುವುದು ಅವರಿಗೆ. ಆದರೂ ದೊಡ್ಡ ವಕೀಲರು ಬೂಟು ಕೆಳಗೆ ಬಿಟ್ಟು, ಎರಡೂ ಕಾಲು ಕುರ್ಚಿಯ ಮೇಲೆ ಮಡಚಿಕೊಂಡು ಕೂತಿದ್ದರು.

“ಏನ್ ನೋಡಾಕತ್ತೀಲೇ? ಹೊಡಿ!”

ಹೊಡೆದೆ. ಕರಿ ಚೆಂಡು ಒಳಗೆ! ಕಿಟಕಿಯಲ್ಲಿದ್ದವರು ಹೋ ಎಂದು ಕೂಗಿದರು. ಎಲ್ಲರಿಗಿಂತ ಮೊದಲು ಬರಿಗಾಲಲ್ಲೇ ಜಿಗಿದು ನನ್ನನ್ನು ತಬ್ಬಿಕೊಂಡವರು ದೊಡ್ಡ ವಕೀಲರು.

ಹೈದರಾಬಾದಿನ ರೈಲು ಹಿಡಿಯಲು ಹೊರಟ ನನ್ನನ್ನು ರಾಯಚೂರಿನ ಬಸ್ಸು ಹತ್ತಿಸಲಿಕ್ಕೂ ಅವರೇ ಬಂದರು. ಸ್ನೂಕರ್ ಕೋಲು ಕೈಯಲ್ಲಿ ಹಿಡಿದುಕೊಂಡೇ ನಾನು ಕಾಲು ಮುಟ್ಟಲು ಬಗ್ಗಿದೆ. ಭುಜ ಹಿಡಿದು ತಡೆದರು.

“ತಡಿಯಲೇ. ಮೊದಲ ಆ ಕೋಲು ನನ್ನ ಕೈಯಾಗ ಕೊಡು.”