ಕೃಷ್ಣಪ್ಪ ಮೇಸ್ತ್ರಿ ಆಡಿದ ಡೆಮೊ

ಹಾನುಬಾಳಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಇಪ್ಪತ್ತು ವರ್ಷದ ಹಿಂದೆ ಊರಿಗೆಲ್ಲ ಇದ್ದದ್ದು ನನ್ನ ಅಂಗಡಿಯ ಕಂಪ್ಯೂಟರ್ ಒಂದೇ, ಹಾಗಾಗಿ ಆಗ ನನಗೆ ಎರಡು ಕೊಂಬು ಬಂದಿದ್ದವು. ಈಗ ಎಲ್ಲರ ಜೇಬಿನಲ್ಲೂ ಫೋನಿದೆ, ಈ ಧರ್ಮನನ್ನು ಯಾರೂ ಮೂಸಿಯೂ ನೋಡುವುದಿಲ್ಲ. ಹೋಗಲಿ ಬಿಡಿ. ನಾನು ಹೇಳಹೊರಟದ್ದು ನನ್ನ ಕತೆಯಲ್ಲ, ಕೃಷ್ಣಪ್ಪ ಮೇಸ್ತ್ರಿಯವರದ್ದು.

ಊರಾಚೆಯ ಕಾಫಿ ಎಸ್ಟೇಟಿನಲ್ಲಿ ಆಳುಗಳ ಮೇಲೆ ನಿಂತು ಕೆಲಸ ಮಾಡಿಸುವುದು ಅವರ ಕೆಲಸ. ಕಂಕುಳಲ್ಲಿ ಕೊಡೆ, ಕೈಯಲ್ಲಿ ಬೆತ್ತ, ಬಾಯಲ್ಲಿ ಬೈಗುಳ. ಬೆತ್ತದಿಂದ ಅವರು ಒಂದು ನಾಯಿಗೂ ಹೊಡೆದವರಲ್ಲ. ಕೊಂಬೆಯನ್ನು ಬಗ್ಗಿಸಿ, ನೋಡು ಇಲ್ಲಿ ಹಣ್ಣು ಬಿಟ್ಟಿದ್ದೀಯ ಎಂದು ತೋರಿಸುವುದಕ್ಕಷ್ಟೇ ಅದು. ಆದರೆ ಬಾಯಿ ಮಾತ್ರ ಬಲು ಕೆಟ್ಟದ್ದು. ಹಣ್ಣಿನ ಜೊತೆ ಹಸಿರು ಕಾಯಿ ಕಿತ್ತವರಿಗೆ ಅಜ್ಜ ಮುತ್ತಜ್ಜಂದಿರನ್ನೂ ಸೇರಿಸಿ ಬೈಯುತ್ತಿದ್ದರು. ಬೈಸಿಕೊಂಡವರಿಗೆ ತಿರುಗಿ ಹೇಳಲು ಆಗುತ್ತಿರಲಿಲ್ಲ, ಗಂಗಾಮಣಿ ಒಬ್ಬಳನ್ನು ಬಿಟ್ಟು. ಎಸ್ಟೇಟಿನ ಆಳುಗಳು ಸಾಲಾಗಿ ವಾಸಿಸುವ ಲೈನ್ ಮನೆಯ ಹುಡುಗಿ, ಆಗಷ್ಟೇ ಹಣ್ಣು ಬಿಡಿಸಲು ಹೋಗತೊಡಗಿದ್ದಳು.

ಆ ಕಾಲಕ್ಕೆ ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ನನಗೊಂದು ಸಿ.ಡಿ. ಪುಕ್ಕಟೆಯಾಗಿ ಬಂತು. ಅದರಲ್ಲಿ ಹೊಡೆದಾಟದ ವಿಡಿಯೋ ಗೇಮ್ ಒಂದರ ಡೆಮೊ ಇತ್ತು. ಪೂರ್ತಿ ಆಟ ಕೊಳ್ಳುವ ಮೊದಲು ರುಚಿ ನೋಡಲಿ ಎಂದು ಕೊಡುವ ಚೂರು. ಪರದೆಯ ಮೇಲೆ ಸಾಲುಸಾಲು ಮುಖ, ಆದರೆ ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಬೂದಿ ಬಣ್ಣದಲ್ಲಿ ಮಂಕಾಗಿದ್ದರು, ಒತ್ತಿದರೂ ಬರುತ್ತಿರಲಿಲ್ಲ. ಒಂದು ಪಂದ್ಯ ಮುಗಿದ ಕೂಡಲೇ, ಪೂರ್ತಿ ಆಟ ಕೊಂಡುಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಹೇಳಿ ಮುಚ್ಚಿಕೊಳ್ಳುತ್ತಿತ್ತು. ನಾನು ಕೊಳ್ಳಲಿಲ್ಲ. ಒಂದೇ ಪಂದ್ಯಕ್ಕೆ ಮುಗಿಯುತ್ತಿದ್ದರಿಂದ ಎಲ್ಲರಿಗೂ ಸರದಿ ಸಿಗುತ್ತಿತ್ತು, ಅದೇ ಚೆನ್ನಾಗಿತ್ತು.

ಇಬ್ಬರಲ್ಲಿ ಒಬ್ಬ ದಪ್ಪ ಮೀಸೆಯವನು, ಕೈಯಲ್ಲಿ ಕೋಲು. ಲೈನಿನವರು ನೋಡಿದ ಗಳಿಗೆಯಲ್ಲೇ ಅವನಿಗೆ ಮೇಸ್ತ್ರಿ ಎಂದು ಹೆಸರಿಟ್ಟರು. ಇನ್ನೊಬ್ಬ ಬಿಳಿ ಬಟ್ಟೆಯ ಸಣಕಲ, ಕೈಗೆ ಮಣ್ಣಾಗಬಾರದು ಎನ್ನುವವನಂತೆ ಕಾಲಲ್ಲೇ ಒದೆಯುತ್ತಿದ್ದ. ಅವನು ರೈಟರ್, ಎಸ್ಟೇಟ್ ಆಫೀಸಿನಲ್ಲಿ ಕೂತು ಹಾಜರಿ ಬರೆಯುವವರ ಹಾಗೆ. ಭಾನುವಾರ ಬಂತೆಂದರೆ ಅಂಗಡಿ ತುಂಬುತ್ತಿತ್ತು. ಅಲ್ಲೊಂದು ಕಟ್ಟಳೆಯೂ ಹುಟ್ಟಿಕೊಂಡಿತು. ಆ ವಾರ ಮೇಸ್ತ್ರಿಯಿಂದ ಬೈಸಿಕೊಂಡವರು ಮೊದಲು ಕೂರಬೇಕು, ರೈಟರ್ ಆಗಿ ಮೇಸ್ತ್ರಿಗೆ ಒದೆಯಬೇಕು. ಗಂಗಾಮಣಿಯ ಸರದಿ ಸದಾ ಮೊದಲು. ಮೇಸ್ತ್ರಿ ಆಗಲು ಯಾರೂ ಒಪ್ಪುತ್ತಿರಲಿಲ್ಲವಾದ್ದರಿಂದ ಆ ಪಾಡು ನನ್ನದು. ವರ್ಷಗಟ್ಟಲೆ ಒದೆ ತಿಂದೆ. ಅಷ್ಟು ಸುಖದ ಒದೆಯನ್ನು ಆಮೇಲೆ ನಾನು ತಿಂದಿಲ್ಲ.

ಇಂಥದ್ದು ಎಷ್ಟು ದಿನ ಗುಟ್ಟಾಗಿದ್ದೀತು? ಯಾರೋ ಹೋಗಿ ಕೃಷ್ಣಪ್ಪನವರ ಕಿವಿಯಲ್ಲಿ ಊದಿದರು. ಭಾನುವಾರ ನಾನೇ ಬಂದು ನೋಡುತ್ತೇನೆ, ನನಗೆ ಒದೆಯುತ್ತಿರುವುದು ನಿಜವಾದರೆ ಲೈನಿನ ಒಂದು ನರಪಿಳ್ಳೆಯೂ ಧರ್ಮನ ಅಂಗಡಿ ಮೆಟ್ಟಿಲು ಹತ್ತಕೂಡದು ಎಂದು ಹಾಜರಿ ಹೊತ್ತಿನಲ್ಲಿ ಎಲ್ಲರೆದುರು ಹೇಳಿಬಿಟ್ಟರು. ಅವರು ಹೇಳಿದರೆ ಹೇಳಿದ ಹಾಗೇ. ನನಗೆ ಅಂಗಡಿಯ ಚಿಂತೆಗಿಂತ ಭಾನುವಾರಗಳದೇ ಚಿಂತೆಯಾಯಿತು.

ಬಂದರು. ಎಲ್ಲರೂ ಎದ್ದು ಗೋಡೆಗಂಟಿ ನಿಂತರು. ನಾನು ಡೆಮೊ ಹಾಕಿದೆ. ಅವರು ಮೀಸೆಯವನನ್ನು ಬಗ್ಗಿ ನೋಡಿದರು, ತಮ್ಮ ಮೀಸೆ ಸವರಿಕೊಂಡರು. ಸಿಟ್ಟಿಳಿಯಲಿ, ಒಂದು ಸಲ ಗೆದ್ದುಹೋಗಲಿ ಎಂದುಕೊಂಡು, ನೀವೇ ಮೇಸ್ತ್ರಿ ಆಗಿ ಎಂದು ಕುರ್ಚಿ ಎಳೆದುಕೊಟ್ಟೆ.

"ಮೇಸ್ತ್ರಿ ಬ್ಯಾಡ ಕಣೋ. ವಾರವೆಲ್ಲ ಅದೇ ಆಗಿರ್ತೀನಿ, ನಂಗೂ ಸಾಕಾಗೈತೆ. ರೈಟರ್ ಕೊಡು," ಅಂದರು.

ದಿನಾ ಸಂಜೆ ಆಫೀಸಿನಲ್ಲಿ, ಇಷ್ಟೇನಾ ಹಣ್ಣು ಎಂದು ನಿಜವಾದ ರೈಟರ್ ಇವರ ಬೆವರಿಳಿಸುತ್ತಿದ್ದ ಸಂಗತಿ ನಮಗೆ ಗೊತ್ತಾದದ್ದು ಆಮೇಲೆ. ಗಂಗಾಮಣಿ ನನ್ನನ್ನು ಆಚೆ ತಳ್ಳಿ ತಾನೇ ಮೇಸ್ತ್ರಿಯಾಗಿ ಕೂತಳು. ಕೀಬೋರ್ಡ್ ಒಂದೇ, ಎಡಕ್ಕೆ ಅವರು, ಬಲಕ್ಕೆ ಇವಳು, ಮೊಣಕೈಗೆ ಮೊಣಕೈ ತಾಗುತ್ತಿತ್ತು. ಅವರು ಎರಡೂ ಅಂಗೈಯಿಂದ ಕೀಲಿಗಳನ್ನು ಬಡಿಯತೊಡಗಿದರು. ಇವಳು ಅವರದೇ ದನಿ ತೆಗೆದಳು. "ಹಸ್ರು ಕಾಯಿ ಕೀಳಬ್ಯಾಡ ಅಂತ ಎಷ್ಟ್ ಸಲ ಹೇಳ್ಬೇಕು ನಿಂಗೆ?"

ಕೃಷ್ಣಪ್ಪನವರ ಹೊಟ್ಟೆ ಕುಲುಕತೊಡಗಿತು, ನಕ್ಕು ನಕ್ಕು ಕೆಮ್ಮು ಬಂತು. ಪಂದ್ಯವನ್ನೂ ಸೋತರು. ಇನ್ನೊಂದು ಸಲ ಹಾಕು ಎಂದರು. ಅಂದಿನಿಂದ ಭಾನುವಾರದ ಸಾಲಿನಲ್ಲಿ ಅವರೂ ನಿಲ್ಲತೊಡಗಿದರು, ಮೇಸ್ತ್ರಿಗೆ ಒದೆ ಬಿದ್ದಾಗ ಎಲ್ಲರಿಗಿಂತ ಜೋರಾಗಿ ಕುಣಿಯುತ್ತಿದ್ದವರು ಅವರೇ. ಸೋಮವಾರ ತೋಟದಲ್ಲಿ ಮತ್ತೆ ಅದೇ ಬೈಗುಳ. ಆದರೆ ಆಮೇಲೆ ಅದು ಯಾರಿಗೂ ಅಷ್ಟು ನಾಟಲಿಲ್ಲ.

ಆ ಕಂಪ್ಯೂಟರ್ ಸತ್ತು ಎಷ್ಟೋ ಕಾಲವಾಯಿತು. ಮಂಡಿ ಹಿಡಿದುಕೊಂಡ ಮೇಲೆ ಕೃಷ್ಣಪ್ಪನವರು ಕೆಲಸ ಬಿಟ್ಟರು. ಮನೆಯಲ್ಲಿ ಮಗ ಸೊಸೆ ಚೆನ್ನಾಗೇ ನೋಡಿಕೊಳ್ಳುತ್ತಾರೆ, ಅದಕ್ಕೇನೂ ಕೊರತೆಯಿಲ್ಲ. ಆದರೆ ತೋಟಕ್ಕೀಗ ಅಸ್ಸಾಮಿನಿಂದ ಬಂದ ಆಳುಗಳು, ಅವರಿಗೆ ಇವರು ದಾರಿಯಲ್ಲಿ ಸಿಗುವ ಒಬ್ಬ ಮುದುಕ. ಊರ ಮಕ್ಕಳಿಗೆ ಅಜ್ಜ. ಹೋದ ವರ್ಷ ಅಂಗಡಿ ಕಟ್ಟೆಯ ಮೇಲೆ ಕೂತು, "ನನ್ನ ಮೇಸ್ತ್ರಿ ಅಂತ ಕರ್ಯೋರೇ ಇಲ್ದಂಗಾಗೋಯ್ತು ಕಣೋ ಧರ್ಮ," ಅಂದರು. ಆಮೇಲೆ ಅವರು ಪೇಟೆ ಕಡೆ ಬರುವುದನ್ನೇ ಬಿಟ್ಟರು.

ಈ ಸಲ ಹಣ್ಣು ಬಿಡಿಸುವ ಕಾಲಕ್ಕೆ ಅದೇ ಆಟದ ಹೊಸ ಭಾಗ ಬರುವುದಿತ್ತು. ಅದರ ಡೆಮೊವನ್ನು ನನ್ನ ಮಗಳು ಚೈತ್ರಶ್ರೀ ಅಂಗಡಿಯ ಕಂಪ್ಯೂಟರಿಗೆ ಇಳಿಸಿದಳು. ಮತ್ತೆ ಅದೇ ಬೂದಿ ಮುಖಗಳ ಸಾಲು. ಬಣ್ಣವಿದ್ದ ಕೆಲವರ ನಡುವೆ ಮೇಸ್ತ್ರಿ ನಿಂತಿದ್ದ, ಮೀಸೆ ಬೆಳ್ಳಗಾಗಿತ್ತು. ರೈಟರ್ ಬೂದಿಯಲ್ಲಿದ್ದ. ನಾನು ಸ್ಕೂಟರ್ ತೆಗೆದೆ.

ಕೃಷ್ಣಪ್ಪನವರನ್ನು ಕೂರಿಸಿಕೊಂಡು ಬರುವಷ್ಟರಲ್ಲಿ ಗಂಗಾಮಣಿಯೂ ಬಂದಿದ್ದಳು. ಅದೇ ಎಸ್ಟೇಟಿಗೆ ಈಗ ಅವಳೇ ಮೇಸ್ತ್ರಿ. ಕೈಯಲ್ಲಿ ಬೆತ್ತ, ಬಾಯಿಯೂ ಅದೇ ಗುರುವಿನದು. ಯಾರು ಬೇಕು ಅಜ್ಜ ಎಂದು ಮಗಳು ಕೇಳಿದಳು. ರೈಟರ್ ಈ ಡೆಮೊದಲ್ಲಿ ಇಲ್ಲ ಎಂದು ನಾನು ಮೆಲ್ಲಗೆ ಹೇಳಿದೆ. ಅವರು ಬಿಳಿ ಮೀಸೆಯವನನ್ನೇ ನೋಡುತ್ತಿದ್ದರು.

"ರೈಟರ್ ಬ್ಯಾಡ ಬುಡು. ಇವತ್ತು ಮೇಸ್ತ್ರಿ ಕೊಡು," ಅಂದರು.

ಗಂಗಾಮಣಿ ಕುರ್ಚಿಯಿಂದ ಎದ್ದಳು. "ಬನ್ನಿ ಮೇಸ್ತ್ರಿ, ಕೂತ್ಕಳಿ," ಎಂದು ತನ್ನ ಬೆತ್ತವನ್ನು ಪಕ್ಕಕ್ಕೆ ಒರಗಿಸಿ ಅವರನ್ನು ಕೈಹಿಡಿದು ಕೂರಿಸಿದಳು. ಅವರು ಎರಡೂ ಅಂಗೈಯಲ್ಲಿ ಕೀಲಿ ಬಡಿದರು, ಎದುರಾಳಿಯಾಗಿ ಕೂತ ಚೈತ್ರಶ್ರೀಗೆ ಆಡುತ್ತಲೇ ನಾಲ್ಕು ಬೈದರು. ಸೋತರು. ಪೂರ್ತಿ ಆಟ ಕೊಳ್ಳಿ ಎಂದು ಹೇಳಿ ಡೆಮೊ ಮುಚ್ಚಿಕೊಂಡಿತು. ಸಾಕು ಎಂದು ಎದ್ದರು.

ಏಳುವಾಗ ಹಳೆಯ ರೂಢಿಯಲ್ಲಿ ಕೈ ತಾನಾಗಿ ಪಕ್ಕಕ್ಕೆ ಹೋಯಿತು. ಗಂಗಾಮಣಿಯ ಬೆತ್ತ ಹಿಡಿದುಕೊಂಡೇ ಮೆಟ್ಟಿಲಿಳಿದರು. ಅಜ್ಜ, ಅದು ಗಂಗಾಮಣಿ ಅಕ್ಕನದ್ದು ಎನ್ನಲು ಮಗಳು ಬಾಯಿ ತೆರೆದಳು. ಗಂಗಾಮಣಿ ಅವಳ ಕೈ ಅದುಮಿದಳು. ಮಾರನೆಯ ದಿನ ಗಂಗಾಮಣಿ ಕಾಡುಗಿಡದ ಕೋಲೊಂದನ್ನು ಮುರಿದುಕೊಂಡು ತೋಟಕ್ಕೆ ಹೋದಳಂತೆ.