ಐದನೆಯ ಹಾಡು

ಹೋದ ಭಾನುವಾರ ಒಂದು ಸುಳ್ಳನ್ನು ಹಿಡಿದೆ. ಸುಳ್ಳು ನನ್ನದೇ. ಅಚ್ಚಾಗಿದ್ದೂ ಇದೇ ಅಂಕಣದಲ್ಲಿ.

ನಾಲ್ಕು ತಿಂಗಳ ಹಿಂದೆ ರಬಕವಿಯ ಈರಪ್ಪನವರ (ಹೆಸರು ಬದಲಿಸಿದ್ದೇನೆ) ಸಿ.ಡಿ. ಬಗ್ಗೆ ಬರೆದಿದ್ದೆ, ನೆನಪಿದೆಯಾ? ಪವರ್‌ಲೂಮ್ ನೇಕಾರರು. ಒಬ್ಬರೇ ಹಾಡಿದ ಎಂಟು ಹಾಡು. ಮೊದಲ ನಾಲ್ಕು ಎಲ್ಲರಿಗೂ ಗೊತ್ತಿರುವ ಹಳೆಯ ಭಜನಾ ಪದಗಳು. ಉಳಿದ ನಾಲ್ಕು ಅವರೇ ಕಟ್ಟಿ, ಅವರೇ ರಾಗ ಹಾಕಿದವು. ಬಿಡುಗಡೆ ಮಾಡಿದವನು ನಾನು. ಶಾಲು, ಹಾರ, ಭಾಷಣ ಎಲ್ಲ ಆಯಿತು. ಮರುವಾರ ಇಲ್ಲಿ ಬರೆದೆ: 'ಸ್ವಂತ ಹಾಡುಗಳಲ್ಲಿ ಈರಪ್ಪನವರ ಎದೆಯೇ ಮಿಡಿದಿದೆ.'

ಕೇಳಿದ್ದೆನಾ? ಎಲ್ಲಿ! ಮೊದಲ ಎರಡು ಪದ ಕೇಳಿದ್ದೆ. ಅದೂ ಶೇವಿಂಗ್ ಮಾಡಿಕೊಳ್ಳುತ್ತಾ.

ಭಾನುವಾರ ಹಿಪ್ಪರಗಿ ಕಡೆ ಹೊರಟಿದ್ದೆ. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು. ದಾಟಲು ಜಾಗವಿಲ್ಲ. ಕಾರಿನಲ್ಲಿ ಆ ಸಿ.ಡಿ. ಸಿಕ್ಕಿತು, ಹಾಕಿದೆ. ನಾಲ್ಕು ಪದ ಮುಗಿದವು. ಐದನೆಯದು ಶುರುವಾಯಿತು. ಮತ್ತೆ ಮೊದಲನೆಯದೇ! ಆರನೆಯದು ಹಾಕಿದೆ, ಎರಡನೆಯ ಪದ ಬಂತು. ಏಳು, ಎಂಟು? ಅದೇ ಕಥೆ. ಭಜನಾ ಪದಗಳೇ ಎರಡೆರಡು ಸಲ. ಕವರಿನ ಹಿಂದೆ ಎಂಟು ಹೆಸರಿದ್ದವು, ಒಳಗೆ ಈರಪ್ಪನವರ ಹಾಡು ಒಂದೂ ಇರಲಿಲ್ಲ.

ಸ್ಟುಡಿಯೊಗೆ ಫೋನ್ ಮಾಡಿದೆ. "ಕಾಪಿ ಮಾಡೂಮುಂದ ಮಿಸ್ಟೇಕ್ ಆಗಿರಬೇಕ್ರಿ ಸರ್. ಕಂಪ್ಯೂಟರ್ ಫಾರ್ಮ್ಯಾಟ್ ಮಾಡೇವಿ, ಈಗೇನೂ ಉಳದಿಲ್ಲ. ಆದ್ರ ಒಬ್ಬರೂ ಕಂಪ್ಲೇಂಟ್ ಮಾಡಿಲ್ಲಲ್ರಿ!"

ಹೌದಲ್ಲ. ಬನಹಟ್ಟಿ, ಜಮಖಂಡಿ, ಮುಧೋಳ ಎಲ್ಲ ಕಡೆ ಹಂಚಿದ್ದರು. ಒಬ್ಬರೂ ಕೇಳಲಿಲ್ಲ. ಗೊತ್ತಿರುವ ಹಾಡು ಎರಡು ಸಲ ಬಂದರೆ ಯಾರಿಗೆ ಬೇಸರ? ಎದುರಿಗೆ ಸಿಕ್ಕಾಗ "ಭಾರಿ ಹಾಡೀರಿ" ಎಂದು ಕೈ ಕುಲುಕಿ ಬಂದಿದ್ದೇವೆ.

ಈರಪ್ಪನವರಿಗೇ ಗೊತ್ತಾಗಲಿಲ್ಲವೇ ಅಂತೀರಾ? ಮೂವತ್ತು ವರ್ಷ ಮಗ್ಗದ ಸದ್ದಿನಲ್ಲಿ ನಿಂತ ಕಿವಿ ಅದು. ರೆಕಾರ್ಡಿಂಗ್ ಹೊತ್ತಿಗೇ ಮುಕ್ಕಾಲು ಹೋಗಿತ್ತು, ಈಗ ಪೂರ್ತಿ. ಶೆಡ್ಡಿನಲ್ಲಿ ಎಲ್ಲರೂ ತುಟಿ ನೋಡಿಯೇ ಮಾತಾಡುತ್ತಾರೆ, ಅವರ ಸಂಸಾರವೂ ಈಗ ಅದರಲ್ಲೇ ನಡೆದಿದೆ. ಹಾಡು ಕಟ್ಟಿದ್ದೂ ಆ ಸದ್ದಿನೊಳಗೇ. ಪಕ್ಕದ ಮಗ್ಗದವನಿಗೂ ಕೇಳಿಸಿಲ್ಲ, ಮನೆಯಲ್ಲಂತೂ ಹಾಡಿದವರೇ ಅಲ್ಲ. ಓದು ಬರಹ ಬಾರದು, ಹಾಗಾಗಿ ಕಾಗದದ ಮೇಲೂ ಇಲ್ಲ. ಮತ್ತೆ ಹಾಡಿಸೋಣವೆಂದರೆ ಹತ್ತಿಯ ಧೂಳು ಕುಡಿದ ಎದೆ, ಎರಡು ಸಾಲಿಗೆ ಕೆಮ್ಮು.

ತಪ್ಪೊಪ್ಪಿಕೊಳ್ಳಲು ಅವರ ಮನೆಗೆ ಹೋದೆ. ಹೆಂಡತಿ ಶಾಂತವ್ವ ಬಾಗಿಲಲ್ಲೇ ಸಿಕ್ಕರು. ವಿಷಯ ಹೇಳಿದೆ.

"ಗೊತ್ತೈತ್ರಿ ಸರ್. ನಮ್ಮ ಸಿ.ಡಿ. ಬಾಜೂ ಮನ್ಯಾಗ ಹಚ್ಚಿದ ದಿನಾನ ಗೊತ್ತಾತು."

"ಮತ್ತ ಯಾಕ ಹೇಳಲಿಲ್ರಿ ಅಕ್ಕಾರ?"

"ಏನಂತ ಹೇಳ್ಲಿ? ಕಿವಿ ಹೋದ್ವು, ದಮ್ಮ ಹೋತು. ಹಾಡರ ಉಳದಾವು ಅಂತ ಜೀವಾ ಹಿಡದಾರ. ಅದೂ ಅಲ್ದ ನೀವು ಪೇಪರಿನ್ಯಾಗ ಬರದಿದ್ರಿ. ನಮ್ಮದೊಂದ ಸಿ.ಡಿ. ಕೆಟ್ಟಿರಬೇಕು, ನಿಮ್ಮದರಾಗ ಹಾಡು ಖರೇನ ಇದ್ದಾವು ಅಂತ ತಿಳಕೊಂಡಿದ್ನಿ."

ನಾನು ಅಲ್ಲೇ ಸತ್ತೆ.

ಅಷ್ಟರಲ್ಲಿ ಈರಪ್ಪನವರು ಹೊರಗೆ ಬಂದರು. ಕುರ್ಚಿ ಹಾಕಿಸಿದರು, ಚಹಾಕ್ಕೆ ಹೇಳಿದರು. ಆಮೇಲೆ ನನ್ನ ತುಟಿಯ ಮೇಲೆ ಕಣ್ಣು ನೆಟ್ಟು ಕೇಳಿದರು, "ನನ್ನವು ನಾಕ ಅದಾವಲ್ರಿ, ಅದರಾಗ ಯಾವುದು ಛಲೋ ಅನಿಸ್ತು?"

"ಐದನೇದು," ಎಂದೆ.

ಅವರ ಮುಖ ಅರಳಿತು. "ಅದು ಅಕೀ ಮ್ಯಾಲ ಕಟ್ಟಿದ್ದು ನೋಡ್ರಿ," ಎಂದು ಶಾಂತವ್ವನ ಕಡೆ ಕೈ ಮಾಡಿದರು. "ಕೇಳಿ ಹೆಂಗೈತಿ ಅಂತ ಇನ್ನೂ ಒಂದ ಮಾತ ಹೇಳಿಲ್ಲ."

ಶಾಂತವ್ವ ಚಹಾ ತರುತ್ತೇನೆಂದು ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ.

ಇಲ್ಲಿ ಹೇಳಿದ ಸುಳ್ಳನ್ನು ಇಲ್ಲೇ ಒಪ್ಪಿಕೊಳ್ಳಬೇಕೆನಿಸಿತು, ಬರೆದಿದ್ದೇನೆ. (ನನ್ನ ಸಮಾಧಾನ ನಾನು ನೋಡಿಕೊಂಡೆ, ಇನ್ನೇನು.) ಆದರೆ ಬರೆದು ಮುಗಿಸಿದ ಮೇಲೆ ನೆನಪಾಯಿತು. ಈ ಅಂಕಣವನ್ನು ಶಾಂತವ್ವ ಪ್ರತಿ ವಾರ ಗಂಡನ ಎದುರು ಕೂತು, ತುಟಿ ಕಾಣುವಂತೆ ನಿಧಾನವಾಗಿ ಓದಿ ಹೇಳುತ್ತಾರೆ.

ಈ ವಾರ ಆ ತಾಯಿ ಏನಂತ ಓದಬೇಕು?