ಗೋಡೆಯ ಬುಡಕ್ಕೊಂದು ಕಿವಿ

ಬಚ್ಚಲಿನ ಪುಟ್ಟ ಕಿಟಕಿಯಲ್ಲಿ ಈಗಷ್ಟೇ ಬೆಳಕು. ಮೇಸ್ತ್ರಿ ನೆಲಕ್ಕೆ ಕೆನ್ನೆ ತಾಗಿಸಿ ಗೋಡೆಯ ಬುಡ ನೋಡುತ್ತಿದ್ದಾರೆ. ಷವರಿನ ಕಡೆ ಎದೆಮಟ್ಟ ಟೈಲ್ಸ್ ಇದೆ, ಉಳಿದ ಗೋಡೆಗಳಿಗೆ ಬರೀ ಬಣ್ಣ. ಆ ಬಣ್ಣದ ಗೋಡೆಗಳ ಬುಡಕ್ಕೆ ನಾಲ್ಕಿಂಚಿನ ಟೈಲ್ಸ್ ಪಟ್ಟಿ ಕೂರಿಸುವುದು ಇವರ ಕೆಲಸ. ಚೆನ್ನಾಗಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಕೆಟ್ಟರೆ ಮಾತ್ರ ಎಲ್ಲರ ಬಾಯಿಗೂ ಬೀಳುತ್ತದೆ.

"ನೀರು ಕಳ್ಳ ಇದ್ದ ಹಾಗೆ ಸಾರ್," ಎನ್ನುತ್ತಾರೆ ಎದ್ದು ಕೂತು. "ಪಟ್ಟಿ ಹಿಂದೆ ಒಂಚೂರು ಪೊಳ್ಳು ಸಿಕ್ಕಿದ್ರೆ ಸಾಕು, ಆರೇ ತಿಂಗಳಲ್ಲಿ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತೆ."

ಇಪ್ಪತ್ತೆಂಟು ವರ್ಷದ ಕಸುಬು, ವಾರಕ್ಕೆ ನಾಲ್ಕು ಬಚ್ಚಲು. ಮಂಡಿ ಸವೆದಿದೆ. ಏಳಬೇಕಾದರೆ ಬಾಗಿಲ ಚೌಕಟ್ಟು ಹಿಡಿಯಲೇಬೇಕು. ಜೊತೆಗೆ ಹೆಂಡತಿ ಬರುತ್ತಾರೆ. "ಇವಳು ಒರೆಸೋಕೆ" ಎಂದು ಪರಿಚಯಿಸಿದ್ದರು, ಪತ್ರಿಕೆಗೆ ಇವರ ಬಗ್ಗೆ ಬರೆಯಲು ಬಂದ ನಾನೂ ಹಾಗೇ ಬರೆದುಕೊಂಡಿದ್ದೆ.

ನಿನ್ನೆ ಕೂರಿಸಿದ ಪಟ್ಟಿಯುದ್ದಕ್ಕೂ ಆಕೆ ಬೀಗದ ಕೈಯಿಂದ ಟಕಟಕ ತಟ್ಟುತ್ತ ಬರುತ್ತಾರೆ. ಬಾಗಿಲ ಪಕ್ಕದ ತುಂಡಿನ ಮೇಲೆ ಒದ್ದೆ ಬಟ್ಟೆ ಹಾಕಿ ಸುಮ್ಮನೆ ಹೊರಗೆ ಹೋಗುತ್ತಾರೆ. ಮೇಸ್ತ್ರಿ ಉಳಿ ಇಟ್ಟು ಅದೇ ತುಂಡನ್ನು ಎಬ್ಬಿಸುತ್ತಾರೆ. ನನ್ನ ಕಣ್ಣಿಗೆ ಅಚ್ಚುಕಟ್ಟಾಗಿ ಕಂಡಿದ್ದು! ಹಿಂದೆ ನೋಡಿದರೆ ಮೂರು ಬೆರಳಗಲ ಸಿಮೆಂಟೇ ಇಲ್ಲ.

"ಹೇಗೆ ಗೊತ್ತಾಯ್ತು?" ಎಂದು ಅವರ ಬೆನ್ನ ಹಿಂದಿನಿಂದ ಕೇಳುತ್ತೇನೆ. ಉತ್ತರವಿಲ್ಲ. ಮತ್ತೆ ಕೇಳುತ್ತೇನೆ. ಆಗಲೂ ಇಲ್ಲ. ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

"ಎದುರಿಗೆ ನಿಂತು ಕೇಳಿ ಸಾರ್. ತುಟಿ ನೋಡಿದ್ರೆ ಅವರಿಗೆ ತಿಳಿಯುತ್ತೆ," ಎನ್ನುತ್ತಾರೆ ಬಾಗಿಲಲ್ಲಿ ಆಕೆ, ಮೆಲ್ಲಗೆ.

ಟೈಲ್ಸ್ ಕೊಯ್ಯುವ ಮಷಿನ್ನು ಮೇಸ್ತ್ರಿಯ ಕಿವಿ ತಿಂದು ನಾಲ್ಕು ವರ್ಷವಾಯಿತಂತೆ. ಪೊಳ್ಳು ಸದ್ದು ಕೇಳಿಸದ ಮೇಸ್ತ್ರಿಯನ್ನು ಯಾರು ಕರೆಯುತ್ತಾರೆ? ಅದಕ್ಕೇ ಪೊಳ್ಳು ಸದ್ದು ಬಂದ ಕಡೆ ಆಕೆ ಹಾಕುವ ಈ ಒದ್ದೆ ಬಟ್ಟೆಯ ಗುಟ್ಟು. "ದಯವಿಟ್ಟು ಬರೀಬೇಡಿ. ನಮ್ಮ ಹೊಟ್ಟೆ ಮೇಲೆ ಹೊಡೆದ ಹಾಗಾಗುತ್ತೆ," ಎಂದು ಕೈ ಮುಗಿಯುತ್ತಾರೆ. ಪೆನ್ನು ಜೇಬಿಗೆ ಹಾಕುತ್ತೇನೆ.

ಮೇಸ್ತ್ರಿ ತಿರುಗಿ ನಮ್ಮಿಬ್ಬರ ಮುಖ ನೋಡುತ್ತಾರೆ. ತಿಳಿದುಹೋಗುತ್ತದೆ.

"ಅಯ್ಯೋ, ಪೆನ್ನು ತೆಗೀರಿ ಸಾರ್. ಇನ್ನೂ ಎಷ್ಟು ದಿನ ಇವಳನ್ನ ಒರೆಸೋಳು ಅನ್ನಲಿ? ನನಗೆ ಕಿವಿ ಕೇಳಲ್ಲ ಅಂತ ಬರೀರಿ. ನಾಲ್ಕು ವರ್ಷದಿಂದ ನಾವು ಮುಟ್ಟಿದ ಒಂದು ಗೋಡೆಗೂ ನೀರು ಹತ್ತಿಲ್ಲ, ಅದು ಇವಳ ಕೆಲಸ ಅಂತಾನೂ ಬರೀರಿ. ಕರೆಯೋರು ಇಬ್ಬರನ್ನೂ ಕರೀಲಿ."

"ಸುಮ್ನಿರ್ತೀರಾ!" ಎಂದು ಆಕೆ ಗದರುತ್ತಾರೆ. ಕಣ್ಣು ತುಂಬಿದೆ.

ಮೇಸ್ತ್ರಿ ಆಕೆಯ ತುಟಿಯನ್ನೇ ನೋಡುತ್ತ ನಗುತ್ತಾರೆ. "ಕೇಳಿಸ್ಲಿಲ್ಲ."